ಮಾವನ ಮೂಗು, ನಂಜುಂಡನ ಹುಳಿ

ನಿನ್ನೆ ಗುಬ್ಬಿಯ ಛತ್ರವೊಂದರಲ್ಲಿ ಪಂಕ್ತಿಗೆ ಕೂತಿದ್ದೆ. ಅಡುಗೆಮನೆಯಿಂದ ಹುಳಿಗೆ ಹಾಕಿದ ಇಂಗಿನ ಒಗ್ಗರಣೆಯ ಘಮ ಬಂತು. ಪಕ್ಕದಲ್ಲಿದ್ದ ನನ್ನ ಸೋದರಮಾವ ತಲೆಯೆತ್ತಿ ಮೂಗರಳಿಸಿದರು. ನನ್ನೆದೆ ಧಸಕ್ಕೆಂದಿತು. ಹುಳಿಯ ಘಮಕ್ಕೆ ಯಾರಾದರೂ ಹೆದರುತ್ತಾರೆಯೇ ಎಂದು ನೀವು ಕೇಳಬಹುದು. ಆ ಮೂಗಿನ ಇತಿಹಾಸ ಗೊತ್ತಿದ್ದರೆ ಕೇಳುತ್ತಿರಲಿಲ್ಲ.

ಮಾವ ಮದುವೆ ಅಡುಗೆಯವರು. ದೇವರಿಗೆ ಎಡೆ ಇಡುವ ಮುಂಚೆ ಅಡುಗೆಯವನು ಬಾಯಿಗಿಡಬಾರದು ಎಂಬುದು ಅವರ ವ್ರತ. ಹಾಗಾಗಿ ಉಪ್ಪು, ಹುಳಿ, ಖಾರ ಎಲ್ಲದರ ತೀರ್ಪೂ ಮೂಗಿನದೇ. ಅಂಥ ಮೂಗಿನೊಳಗೆ ಎರಡು ವರ್ಷದ ಹಿಂದೆ ದ್ರಾಕ್ಷಿಯಂಥ ಗಡ್ಡೆಗಳು ಬೆಳೆದು ವಾಸನೆಯೇ ನಿಂತುಹೋಯಿತು. ಒಂದು ಗೃಹಪ್ರವೇಶದಲ್ಲಿ ಪಾಯಸ ಉಪ್ಪಾಯಿತು. ಆಮೇಲೆ ಕುಣಿಗಲ್ಲಿನ ಮದುವೆಯವರು ಮಾವನನ್ನು ಬಿಟ್ಟು ಅವರ ಹಳೇ ಶಿಷ್ಯ ನಂಜುಂಡನಿಗೆ ವೀಳ್ಯ ಕೊಟ್ಟರು. ಮೂಗು ಸರಿಹೋಗದಿದ್ದರೆ ಮಾವನ ಕಸುಬೇ ಮುಗಿದಂತೆ. ಆಪರೇಷನ್ನಿಗೆ ಒಪ್ಪಿದರು.

ತುಮಕೂರಿನ ಡಾಕ್ಟರು, "ಮೂಗೊಳಗೆ ಕ್ಯಾಮೆರಾ ಬಿಟ್ಟು ಮಾಡೋದು. ಪಕ್ಕದಲ್ಲೇ ಕಣ್ಣು, ಮೇಲೆ ಮೆದುಳು. ರಕ್ತ ಜಾಸ್ತಿ ಬಂದ್ರೆ ಏನೂ ಕಾಣಲ್ಲ, ಅರ್ಧಕ್ಕೇ ನಿಲ್ಲಿಸ್ಬೇಕಾಗುತ್ತೆ" ಎಂದರು. ತಲೆ ಎತ್ತರದಲ್ಲಿಡುತ್ತೇವೆ, ಔಷಧಿಯಲ್ಲಿ ನೆನೆಸಿದ ಹತ್ತಿ ಇಡುತ್ತೇವೆ, ನೀವು ಬಿಪಿ ಏರಿಸಿಕೊಳ್ಳಬೇಡಿ ಎಂದೂ ಹೇಳಿದರು. ಗಡ್ಡ ಕೆರೆದುಕೊಂಡಾಗ ಬರುವ ರಕ್ತಕ್ಕೇ ಗೋಡೆ ಹಿಡಿಯುವ ನಾನು ಇದನ್ನೆಲ್ಲ ನಿಂತು ಕೇಳಿದ್ದೇ ದೊಡ್ಡದು. ನನ್ನನ್ನು ಕರೆಸಿದ್ದು ಧೈರ್ಯಕ್ಕಲ್ಲ, ಸ್ಕೂಟರಿಗೆ.

ಆಪರೇಷನ್ ದಿನವೇ ಕುಣಿಗಲ್ಲಿನ ಮದುವೆ. ಮಾವ ಆಸ್ಪತ್ರೆಯ ಮಂಚದ ಮೇಲೆ ಬುಸುಗುಡುತ್ತಿದ್ದರು. "ಆ ನನ್ಮಗ ಈಗ ಬೇಳೆಗೆ ನೀರಿಟ್ಟಿರ್ತಾನೆ ಕಣೋ." ನರ್ಸು ಬಿಪಿ ನೋಡಿ ಹುಬ್ಬೇರಿಸಿದರು. ಅರವಳಿಕೆ ಡಾಕ್ಟರು ಬಂದು, ಇದು ಇಳಿಯದಿದ್ದರೆ ಇವತ್ತು ಆಗುವುದಿಲ್ಲ ಎಂದು ಹೇಳಿ ಹೋದರು. ನಾನು ಪ್ರಾಣಾಯಾಮ ಹೇಳಿಕೊಡಲು ಹೋದೆ. ಮೂಗು ಕಟ್ಟಿದವರಿಗೆ ಪ್ರಾಣಾಯಾಮ ಹೇಳಿಕೊಡುವ ನನ್ನ ಬುದ್ಧಿಯನ್ನು ಮಾವ ಬಾಯ್ತುಂಬ ಹೊಗಳಿದರು. ಬಿಪಿ ಇನ್ನಷ್ಟು ಏರಿತು.

ಆಗ ಅತ್ತೆ ಫೋನು ಹಿಡಿದು ಹೊರಗೆ ಹೋಗಿ, ನಿಟ್ಟುಸಿರಿಡುತ್ತಾ ಒಳಗೆ ಬಂದರು. "ಪಾಪ, ನಂಜುಂಡನ ಹುಳಿ ತಳ ಹಿಡೀತಂತೆ. ಛತ್ರವೆಲ್ಲಾ ಸೀದ ವಾಸ್ನೆಯಂತೆ."

ಮಾವನ ಮುಖ ನೀವು ನೋಡಬೇಕಿತ್ತು. "ಅಯ್ಯೋ ಪಾಪ, ಬುಡು" ಎಂದು ಹಾಯಾಗಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಬಿಪಿ ಇಳಿಯಿತು. ಆಪರೇಷನ್ ಸಾಂಗವಾಗಿ ಮುಗಿಯಿತು, ರಕ್ತ ಹೆಚ್ಚು ಬರಲಿಲ್ಲ. ಡಾಕ್ಟರು ತಮ್ಮ ಹತ್ತಿಯನ್ನು ಹೊಗಳಿಕೊಂಡರು. ಅತ್ತೆಯ ಫೋನಿನ ಚಾರ್ಜು ಬೆಳಗ್ಗೆಯೇ ಮುಗಿದಿತ್ತೆಂದು ನನಗೊಬ್ಬನಿಗೇ ಗೊತ್ತಿತ್ತು.

ವಾಸನೆ ಮರಳಿ ಬಂದ ಮೇಲೆ ಮಾವ ನಂಜುಂಡನ ಸೀದ ಹುಳಿಯ ಸುದ್ದಿಯನ್ನು ಗುಬ್ಬಿ ತುಂಬ ಬಡಿಸಿಕೊಂಡು ಬಂದರು. ಅವನ ಅಡುಗೆ ಇರುವ ಕಡೆ ಕಾಲಿಡಲಿಲ್ಲ. ನಿನ್ನೆಯದು ಅವನದೇ ಅಡುಗೆ ಎಂದು ಎಲೆ ಹಾಕಿದ ಮೇಲೇ ನಮಗೆ ಗೊತ್ತಾದದ್ದು.

ಮಾವ ಇನ್ನೊಮ್ಮೆ ಉಸಿರೆಳೆದು, ಆಚೆ ಪಕ್ಕದಲ್ಲಿದ್ದ ಅತ್ತೆಯನ್ನು ಕೇಳಿದರು. "ಇಂಥ ಹುಳಿ ಮಾಡೋನು ತಳ ಹಿಡಿಸ್ತಾನೇನೇ?"

ಅತ್ತೆ ಎಲೆಗೆ ನೀರು ಚಿಮುಕಿಸುತ್ತಾ, "ಅವತ್ತು ತಳ ಹಿಡೀದೇ ಇದ್ದಿದ್ರೆ ಇವತ್ತು ನಿಮ್ಗೆ ಈ ವಾಸ್ನೆ ಬರ್ತಿತ್ತಾ?" ಎಂದರು.

"ಊರ ತುಂಬಾ ಸಾರಿಬುಟ್ನಲ್ಲೇ" ಎಂದು ಮಾವ ತಲೆ ತಗ್ಗಿಸಿದರು. ಅವರ ಬಿಪಿ ಗೊತ್ತಿಲ್ಲ, ನನ್ನದಂತೂ ಏರಿತ್ತು. ಅಷ್ಟರಲ್ಲಿ ಬಕೆಟ್ಟು ಹಿಡಿದು ನಂಜುಂಡನೇ ಬಂದು, ಮಾವನನ್ನು ಕಂಡು ಸೌಟು ಹಿಡಿದು ನಿಂತುಬಿಟ್ಟ.

"ಬಡಿಸೋ" ಎಂದರು ಮಾವ. ಬಡಿಸಿದ ಮೇಲೆ ಇಡೀ ಪಂಕ್ತಿಗೆ ಕೇಳುವಂತೆ, "ಹುಳಿ ಅಂದ್ರೆ ಇದು ಕಣ್ರಪ್ಪ. ಇವ್ನು ತಳ ಹಿಡಿಸ್ದ ಅಂತ ನಾನಂದಿದ್ದು ಸುಳ್ಳು" ಎಂದರು.

ನನಗೆ ಮಾವನ ಮೇಲೆ ಯಾವತ್ತೂ ಇಲ್ಲದ ಪ್ರೀತಿ ಬಂತು. ಅವರು ಅನ್ನವನ್ನಿನ್ನೂ ಮುಟ್ಟಿರಲಿಲ್ಲ. ನಂಜುಂಡನನ್ನು ಹತ್ತಿರ ಬಗ್ಗಿಸಿಕೊಂಡು ಮೆಲ್ಲಗೆ ಹೇಳಿದರು:

"ಉಪ್ಪು ಒಂಚೂರು ಕಮ್ಮಿ ಆಗೈತೆ ಕಣ್ಲಾ."