ಬೋರಲು ಹಾಕಿದ ಲೋಟ

ಆ ಶನಿವಾರವೂ ಉಳಿದ ಶನಿವಾರಗಳ ಹಾಗೆಯೇ ಶುರುವಾಯಿತು. ಐದೂಮುಕ್ಕಾಲಿಗೆ ಎದ್ದು, ಗೇಟಿಗೆ ತೂಗುಹಾಕಿದ್ದ ಚೀಲದಿಂದ ಹಾಲಿನ ಪ್ಯಾಕೆಟ್ಟುಗಳನ್ನು ತೆಗೆದುಕೊಂಡೆ. ಒಂದರ ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತು; ಚೀಲದ ತಳ ಒದ್ದೆಯಾಗಿತ್ತು. ಅದನ್ನೇ ಮೊದಲು ಕಾಯಲು ಇಟ್ಟೆ. ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಹುಯ್ದು, ಡಿಕಾಕ್ಷನ್ ಇಳಿಯುವ ತನಕ ಕಿಟಕಿಯ ಬಳಿ ನಿಂತು ಜಪಸರದ ಹತ್ತು ಮಣಿ ಎಣಿಸಿದೆ. ಇವರು ಪೇಪರ್ ಹಿಡಿದು ಕೂತು ಎಂದಿನಂತೆ ಕೊನೆಯ ಪುಟದಿಂದ ಓದಲು ಶುರುಮಾಡಿದರು. ಉಪ್ಪಿಟ್ಟಿಗೆ ರವೆ ಹುರಿದಿಟ್ಟೆ. ಆಮೇಲೆ ಶನಿವಾರಕ್ಕೆಂದೇ ಇರುವ ಕೆಲಸ: ಮೇಲಿನ ಶೆಲ್ಫಿನಿಂದ ಒಂಬತ್ತು ಸ್ಟೀಲ್ ಲೋಟಗಳನ್ನು ಇಳಿಸಿ, ಒರೆಸಿ, ತಟ್ಟೆಯಲ್ಲಿ ಜೋಡಿಸಿದೆ. ಹನ್ನೊಂದಕ್ಕೆ ಶೆಡ್ಡಿನಲ್ಲಿ ಸಭೆ.

ಶೆಡ್ಡು ಎಂದರೆ ರಾಮಕೃಷ್ಣನಗರದ ನಮ್ಮ ಮನೆಯದೇ ಕಾರ್ ಶೆಡ್ಡು. ಇವರು ನಿವೃತ್ತರಾದ ಮೇಲೆ ಕಾರು ಮಾರಿದೆವು. ಆ ಖಾಲಿ ಜಾಗವನ್ನು ಮಗಳು ಕೇಳಿದಳು. ಕಂಪ್ಯೂಟರ್ ರಿಪೇರಿ ಅವಳ ಕಸುಬು. ಜನ ಸತ್ತುಹೋಯಿತೆಂದು ತಂದ ಲ್ಯಾಪ್‌ಟಾಪ್‌ಗಳು ಅವಳ ಮೇಜಿನ ಮೇಲೆ ಕಣ್ಣು ಬಿಡುವುದನ್ನು ನಾನೇ ನೋಡಿದ್ದೇನೆ. ಅವಳೂ ಅವಳ ಏಳು ಜನ ಗೆಳೆಯ ಗೆಳತಿಯರೂ ಸೇರಿ ಗುಜರಿ ಅಂಗಡಿಗಳನ್ನು ತಡಕಿ, ಕಚೇರಿಗಳು ಬಿಸಾಕಿದ ಕಂಪ್ಯೂಟರುಗಳನ್ನು ಹೊತ್ತು ತಂದು, ಬಿಚ್ಚಿ, ತೊಳೆದು, ಜೋಡಿಸಿದರು. ಅವುಗಳೊಳಗೆ ಹಾಕಿದ್ದೂ ಯಾರ ಅಪ್ಪಣೆಯೂ ಬೇಕಿಲ್ಲದ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಸಾಫ್ಟ್‌ವೇರು. ಯಾರು ಬೇಕಾದರೂ ಬಂದು ಕಲಿಯಬಹುದು. ಹೆಸರು ಕೇಳುವುದಿಲ್ಲ, ಸಹಿ ಕೇಳುವುದಿಲ್ಲ. ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದ್ದರು: ‘ಇಲ್ಲಿ ಯಾರೂ ಮೇಷ್ಟ್ರಲ್ಲ, ಎಲ್ಲರೂ ಕಲಿಯೋರೇ.’

ಇದಕ್ಕೆ ಅಧ್ಯಕ್ಷರು ಯಾರು ಎಂದು ಇವರು ಮೊದಲ ವಾರವೇ ಕೇಳಿದ್ದರು.

‘ಯಾರೂ ಇಲ್ಲ, ಡ್ಯಾಡಿ. ನಾವು ಅರಾಜಕತಾವಾದಿಗಳು.’

‘ಅರಮನೆ ಊರಲ್ಲಿ ಹುಟ್ಟಿ ಅರಾಜಕ ಅಂತೀಯಲ್ಲೇ! ಹಂಗಂದ್ರೆ ಗಲಾಟೆ ಮಾಡೋದು ತಾನೆ?’

‘ಅಲ್ಲ ಡ್ಯಾಡಿ. ಮೇಲೆ ಯಾರೂ ಕೂತ್ಕೊಳ್ಳದೆ ಕೆಲಸ ನಡೆಸೋದು.’

ನನಗೂ ಆ ಪದ ಕೇಳಿ ಪೊಲೀಸು, ಕಲ್ಲು, ಇಂಥವೇ ಕಣ್ಣೆದುರು ಬಂದವು. ಆದರೆ ಬಂದದ್ದು ಪೊರಕೆ, ಸ್ಕ್ರೂಡ್ರೈವರು, ಮತ್ತು ಪೌರಕಾರ್ಮಿಕರು ಧರಣಿ ಕೂತಾಗ ಅವರಿಗೆಂದು ನಮ್ಮ ಶೆಡ್ಡಿನಲ್ಲೇ ಅಚ್ಚಾದ ಕರಪತ್ರಗಳು. ಆ ಕರಪತ್ರಗಳ ಅಂಚನ್ನು ಅಳತೆಪಟ್ಟಿ ಇಟ್ಟು ಕತ್ತರಿಸಿದ್ದು ನಾನು. ಒಂದೂ ಸೊಟ್ಟಗಿರಲಿಲ್ಲ.

ಅವರ ಸಭೆಯಲ್ಲಿ ಕೈ ಎತ್ತಿ ಎಣಿಸುವುದಿಲ್ಲ. ಎಂಟು ಜನ ಬೇಕೆಂದು ಒಬ್ಬರು ಬೇಡವೆಂದರೆ ಎಂಟು ಜನ ಗೆದ್ದರು ಎಂದಲ್ಲ. ಒಪ್ಪದವರು ತಮ್ಮ ಕಾಫಿ ಲೋಟವನ್ನು ಬೋರಲು ಹಾಕಬೇಕು. ಒಂದೇ ಲೋಟ ಬೋರಲಾದರೂ ಆ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಯಾಕೆಂದು ಅವರು ಹೇಳಬೇಕು, ಉಳಿದವರು ಕೇಳಬೇಕು. ದಾರಿ ಸಿಕ್ಕರೆ ಲೋಟ ನೆಟ್ಟಗಾಗುತ್ತದೆ, ಸಿಗದಿದ್ದರೆ ಕೆಲಸ ಕೈಬಿಟ್ಟ ಹಾಗೆ.

ಇದು ನನಗೆ ಮೊದಮೊದಲು ಗೊತ್ತಿರಲಿಲ್ಲ. ಎರಡನೇ ಸುತ್ತಿನ ಕಾಫಿ ತೆಗೆದುಕೊಂಡು ಹೋದಾಗ ಅವರಲ್ಲೆಲ್ಲ ಎತ್ತರದ ಹುಡುಗನ ಮುಂದೆ ಲೋಟ ಬೋರಲಾಗಿತ್ತು. ಪಾಪ, ಇವನಿಗೆ ಸಿಕ್ಕೇ ಇಲ್ಲ ಎಂದುಕೊಂಡು ಅದನ್ನೆತ್ತಿ ನೆಟ್ಟಗಿಟ್ಟು ತುಂಬಿಸಿಬಿಟ್ಟೆ. ಹಿರಿಯರು ಕೊಟ್ಟ ಕಾಫಿ ಬೇಡ ಎನ್ನಲಾರದೆ ಅವನೂ ಕುಡಿದ.

‘ಅಮ್ಮ! ಅವನ ವಿರೋಧಕ್ಕೇ ಕಾಫಿ ಹಾಕ್ಬುಟ್ಟೆಯಲ್ಲ!’ ಎಂದು ಮಗಳು ನಕ್ಕಿದ್ದೇ ನಕ್ಕಿದ್ದು. ಅವನು ವಿರೋಧಿಸಿದ್ದು ಶೆಡ್ಡಿನ ಬಾಗಿಲಿಗೆ ಗಿಳಿಹಸಿರು ಬಣ್ಣ ಬಳಿಯುವುದನ್ನು. ಬಾಗಿಲು ಇವತ್ತಿಗೂ ಗಿಳಿಹಸಿರಾಗಿಯೇ ಇದೆ.

ಆಮೇಲೆ ನನಗೂ ಒಂದು ಲೋಟ ಕೊಟ್ಟು ಸಭೆಯಲ್ಲಿ ಕೂರಿಸಿಕೊಂಡರು. ಮಧ್ಯಾಹ್ನದ ಬಿಡುವಿನಲ್ಲಿ ಪ್ರೋಗ್ರಾಂ ಬರೆಯುವುದನ್ನೂ ಕಲಿಸಿದರು. ನಮ್ಮ ಚರ್ಚಿನ ಹೆಂಗಸರಲ್ಲಿ ಪೀಠಕ್ಕೆ ಹೂವು ಜೋಡಿಸುವ ಸರದಿ ಯಾರದೆಂದು ಪ್ರತಿವಾರವೂ ಗೊಂದಲ. ಅದನ್ನು ತಾನೇ ಲೆಕ್ಕ ಹಾಕಿ ಹೇಳುವ ಇಪ್ಪತ್ತೆರಡು ಸಾಲಿನ ಪ್ರೋಗ್ರಾಂ ನಾನು ಬರೆದೆ. ಅದು ಮೊದಲ ಸಲ ಓಡಿದಾಗ ಎದ್ದು ಹೋಗಿ ಇವರನ್ನು ಕೈಹಿಡಿದು ಕರೆತಂದು ತೋರಿಸಿದೆ. ‘ನೀನೇ ಬರೆದಿದ್ದೇನೇ?’ ಎಂದು ಮೂರು ಸಲ ಕೇಳಿದರು. ಮೂರು ಸಲವೂ ಹೌದೆಂದೆ.

ಆದರೆ ಸಭೆಯಲ್ಲಿ ಮಾತ್ರ ನನ್ನ ಲೋಟ ಯಾವತ್ತೂ ನೆಟ್ಟಗೇ ಇರುತ್ತಿತ್ತು. ಕಾನ್ವೆಂಟಿನಲ್ಲಿ ನನಗೆ ಐದು ವರ್ಷ ಸತತವಾಗಿ ಸನ್ನಡತೆಯ ನೀಲಿ ರಿಬ್ಬನ್ ಸಿಕ್ಕಿತ್ತು. ಅದಕ್ಕೆ ನಾನು ಮಾಡಿದ್ದು ಇಷ್ಟೆ: ಬಾಯಿ ತೆರೆಯದಿದ್ದದ್ದು.

ಶೆಡ್ಡಿಗೆ ಬರುವವರಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಹೆಂಗಸಿದ್ದಳು. ಬೋಗಾದಿಯ ಒಂದು ಪಿ.ಜಿ.ಯಲ್ಲಿ ಬೆಳಗಿನ ಹೊತ್ತು ಗುಡಿಸಿ ಒರೆಸುವ ಕೆಲಸ. ಅದು ಮುಗಿಸಿ, ಮಕ್ಕಳು ಸ್ಕೂಲಿನಿಂದ ಬರುವ ಮೊದಲು ಒಂದು ಗಂಟೆ ಬಂದು ಟೈಪಿಂಗ್ ಕಲಿಯುತ್ತಿದ್ದಳು. ಒಂದು ನರ್ಸಿಂಗ್ ಹೋಮಿನಲ್ಲಿ ಚೀಟಿ ಬರೆಯುವ ಕೌಂಟರಿಗೆ ಜನ ಬೇಕಾಗಿದ್ದರು. ಮುಂದಿನ ತಿಂಗಳು ಪರೀಕ್ಷೆ. ಎಲ್ಲರೂ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟರೆ ಇವಳು ತನ್ನದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಮೇಜಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ನೀಲಿ ಚಪ್ಪಲಿ, ಒಂದರ ಪಟ್ಟಿ ಮಾತ್ರ ಕೆಂಪು, ಆಮೇಲೆ ಹಾಕಿಸಿದ್ದು. ಕಳ್ಳತನದ ಹೆದರಿಕೆಯೇನೋ ಎಂದುಕೊಂಡಿದ್ದೆ. ಒಂದು ದಿನ ನಮ್ಮ ರಸ್ತೆಯಲ್ಲಿ ಆಟೋ ಸದ್ದಾದಾಗ ಅವಳ ಬೆರಳು ಕೀಲಿಗಳ ಮೇಲೆ ಹಾಗೇ ನಿಂತದ್ದು ನೋಡಿದೆ. ಸದ್ದು ದಾಟಿಹೋದ ಮೇಲೆ ಮತ್ತೆ ಆಡಿತು. ಅವಳ ಗಂಡ ಆಟೋ ಓಡಿಸುತ್ತಾನೆ.

ನಾನು ಒಂದು ಲೋಟ ನೀರು ಕೊಟ್ಟೆ. ಕುಡಿದು ಅವಳೇ ಹೇಳಿದಳು. ‘ಮೊದ್ಲು ಟೈಲರಿಂಗ್‌ಗೆ ಹೋಯ್ತಿದ್ದೆ ಅಕ್ಕ. ಗೊತ್ತಾಗಿ ಪುಸ್ತಕ ಎಲ್ಲಾ ನೀರೊಲೆಗೆ ಹಾಕ್ಬುಟ್ರು. ಇದೂ ಗೊತ್ತಾದ್ರೆ ಪಿ.ಜಿ. ಕೆಲ್ಸಾನೂ ಬುಡಿಸ್ತಾರೆ. ಸೇರ್ಕೊಂಡ್ಮೇಲೆ ಹೇಳ್ತೀನಿ. ಸಂಬಳ ಕೈಗೆ ಬಂದ್ಮೇಲೆ ಏನಂದ್ರೂ ಅನ್ಲಿ.’ ಲೋಟ ಕೆಳಗಿಟ್ಟು ಸೇರಿಸಿದಳು: ‘ಫೋನು ಅಂತ ನಂಗಿಲ್ಲ. ಗ್ಯಾಸು, ರೇಷನ್ನು, ಬ್ಯಾಂಕು, ಎಲ್ಲದಕ್ಕೂ ಅವರ ನಂಬರ್ರೇ.’

ಈಗ ಆ ಶನಿವಾರದ ಸಭೆಗೆ ಬರುತ್ತೇನೆ. ಊರಿನದೇ ಒಂದು ಕಂಪನಿ ಶೆಡ್ಡಿಗೆ ಹನ್ನೆರಡು ಹೊಸ ಕಂಪ್ಯೂಟರ್ ಕೊಡುತ್ತೇನೆಂದಿತ್ತು. ನಮ್ಮ ಏಳರಲ್ಲಿ ಮೂರು ಆ ಬೇಸಿಗೆಯಲ್ಲಿ ಕೈಕೊಟ್ಟಿದ್ದವು. ಸಂಜೆ ಬೋಗಾದಿಯ ಹೊಸ ಕಟ್ಟಡಗಳ ಕಡೆಯಿಂದ ಬರುವ ಕೆಲಸಗಾರರ ಮಕ್ಕಳು ಒಂದೊಂದಕ್ಕೆ ನಾಲ್ಕು ಜನ ಕೂರುತ್ತಿದ್ದರು. ಒಬ್ಬರು ಮೌಸ್ ಹಿಡಿದರೆ ಮೂವರು ಉಸಿರು ಹಿಡಿಯುತ್ತಿದ್ದರು. ಹನ್ನೆರಡು ಎಂದರೆ ಸಣ್ಣ ಮಾತಲ್ಲ. ಸಂಜೆ ವ್ಯಾನು ಬರುವುದೆಂದೂ ಹೇಳಿಯಾಗಿತ್ತು.

‘ಬೋರ್ಡ್ ಹಾಕ್ಬೇಕಂತೆ. ಹಾಕ್ಕೊಳ್ಲಿ ಬುಡು, ಬೋರ್ಡಿಂದ ಯಾರಿಗೇನು ನೋವು?’ ಎಂದ ಎತ್ತರದ ಹುಡುಗ.

‘ಇನ್‌ಚಾರ್ಜ್ ಅಂತ ಒಬ್ಬರ ಹೆಸರು ಬೇಕಂತೆ,’ ಎಂದಳು ಇನ್ನೊಬ್ಬಳು.

‘ನಮ್ಮ ಡ್ಯಾಡಿ ಹೆಸರು ಬರೀರಿ. ಮನೇಲಿ ಹೆಂಗೂ ಯಾರೂ ಅವರ ಮಾತು ಕೇಳಲ್ಲ,’ ಎಂದಳು ಮಗಳು. ಎಲ್ಲರೂ ನಕ್ಕರು.

ಆಮೇಲೆ ಅವಳು ಕಾಗದ ನೋಡಿಕೊಂಡು ಓದಿದಳು. ‘ಇನ್ನೊಂದಿದೆ. ಕೂತ್ಕೊಳ್ಳೋರು ಪ್ರತಿಸಲ ಫೋನ್ ನಂಬರ್ ಒತ್ತಬೇಕು. ಆ ಫೋನಿಗೆ ಶೆಡ್ಡಿನ ಹೆಸರಲ್ಲಿ ಒಂದು ಮೆಸೇಜ್ ಬರತ್ತೆ. ಅದರಲ್ಲಿರೋ ಅಂಕಿ ಹಾಕಿದ್ರೆ ಮಾತ್ರ ಕಂಪ್ಯೂಟರ್ ತೆಗಿಯತ್ತೆ. ನಮ್ಮ ಹಳೇವನ್ನೆಲ್ಲ ತೆಗೆದುಬಿಡಬೇಕು. ನಂಗಂತೂ ಇದು ಇಷ್ಟ ಇಲ್ಲ. ಆದ್ರೆ ಹನ್ನೆರಡು ಕಣ್ರೋ…’

ಒಬ್ಬೊಬ್ಬರೂ ಮುಖ ಸಿಂಡರಿಸಿಕೊಂಡು, ಆದರೂ ತಲೆಯಾಡಿಸಿದರು. ಲೋಟಗಳೆಲ್ಲ ನೆಟ್ಟಗಿದ್ದವು. ನನ್ನ ಲೋಟದಲ್ಲಿ ಅರ್ಧ ಇಂಚು ಕಾಫಿ ಉಳಿದಿತ್ತು. ಅದನ್ನು ಗಟಕ್ಕನೆ ಕುಡಿದು ಲೋಟ ಬೋರಲು ಹಾಕಿದೆ. ಸಿಮೆಂಟಿನ ಮೇಲೆ ಅದು ಅಷ್ಟು ಜೋರಾಗಿ ಸದ್ದು ಮಾಡುತ್ತದೆಂದು ಎಣಿಸಿರಲಿಲ್ಲ.

‘ಅಮ್ಮ, ತಪ್ಪಿ ಹಾಕಿದ್ಯಾ?’

‘ಇಲ್ಲ. ಬೇಕೂಂತಲೇ ಹಾಕಿದೀನಿ.’

ಎದ್ದು ನಿಂತುಬಿಟ್ಟಿದ್ದೆ, ಶಾಲೆಯ ಅಭ್ಯಾಸ. ‘ಕೂತ್ಕೊಂಡೇ ಹೇಳಿ ಆಂಟಿ,’ ಎಂದ ಎತ್ತರದ ಹುಡುಗ. ಕೂರಲಿಲ್ಲ. ನಿಂತೇ ಹೇಳಿದೆ.

‘ಇಲ್ಲಿಗೆ ಬರೋರಲ್ಲಿ ಒಬ್ಬರಿಗೆ ಸ್ವಂತ ನಂಬರಿಲ್ಲ. ಮೆಸೇಜು ಬೇರೆಯವರ ಕೈಗೆ ಹೋಗುತ್ತೆ. ಹೋದ ದಿನಾನೇ ಅವರು ಕಲಿಯೋದೂ ನಿಲ್ಲುತ್ತೆ, ಇರೋ ಕೆಲಸಾನೂ ಹೋಗುತ್ತೆ.’

‘ಯಾರು ಆಂಟಿ?’

‘ಅದು ನಾನು ಹೇಳಲ್ಲಪ್ಪ. ನಂಬಿ ಹೇಳಿದ ಮಾತು.’

ಮಗಳ ಕಿವಿ ಕೆಂಪಾಯಿತು. ಸಿಟ್ಟು ಬಂದಾಗ ಚಿಕ್ಕಂದಿನಿಂದಲೂ ಹಾಗೆಯೇ. ‘ಅಮ್ಮ, ಒಬ್ಬರಿಗೋಸ್ಕರ ಅಷ್ಟೂ ಮಕ್ಕಳು…’ ಎಂದವಳು ಮುಂದಕ್ಕೆ ಹೋಗಲಿಲ್ಲ. ಒಬ್ಬರಿಗೋಸ್ಕರ ನಿಲ್ಲಬೇಕೆನ್ನುವ ಆ ಕ್ರಮವನ್ನು ಗೋಡೆಯ ಮುಂದೆ ನಿಂತು ನನಗೆ ವಿವರಿಸಿದವಳು ಅವಳೇ.

ದಾರಿ ಹುಡುಕಿದರು. ಎಲ್ಲರಿಗೂ ಸೇರಿ ಒಂದೇ ನಂಬರ್ ಕೊಡೋಣವೇ? ಆಗದು, ಒಬ್ಬೊಬ್ಬರಿಗೂ ಬೇರೆಬೇರೆ ಎಂದಿದೆ. ಹಳೆಯದೊಂದನ್ನು ಮೂಲೆಯಲ್ಲಿ ಹಾಗೇ ಉಳಿಸಿಕೊಳ್ಳೋಣವೇ? ಮಗಳು ಕಂಪನಿಗೆ ಫೋನ್ ಮಾಡಿ, ನಮಗೆಲ್ಲ ಕೇಳಿಸುವ ಹಾಗೆ ಇಟ್ಟು ಕೇಳಿದಳು. ಅತ್ತಲಿನ ಹೆಂಗಸು ಬಹಳ ವಿನಯದಿಂದ ಇಲ್ಲ ಎಂದಳು. ಒಂದು ಗಂಟೆ ಹೀಗೇ ಹೋಯಿತು. ಆ ಹೊತ್ತಿನಲ್ಲಿ ನಾನು ಎರಡು ಸಲ ಲೋಟದ ಕಡೆ ಕೈ ಚಾಚಿ ಎರಡು ಸಲವೂ ಹಿಂದಕ್ಕೆ ತೆಗೆದುಕೊಂಡೆ.

ಕೊನೆಗೆ ಎತ್ತರದ ಹುಡುಗನೇ ನಿಟ್ಟುಸಿರು ಬಿಟ್ಟ. ‘ಸರಿ ಬುಡು. ಬೇಡ ಅಂತ ಮೇಲ್ ಬರಿ. ನಾನು ಆ ಮೂರು ಹೆಣ ಬಿಚ್ಚಿ ಒಂದಾದ್ರೂ ಎಬ್ಬಿಸ್ತೀನಿ. ಈ ಸಲ ಆಂಟಿ ಲೋಟಕ್ಕೆ ಯಾರೂ ಕಾಫಿ ಹಾಕ್ಬೇಡಿ.’

ನಗು ಬಂತು, ಆದರೆ ಎಲ್ಲರ ಮುಖದಲ್ಲೂ ಆ ಹನ್ನೆರಡು ಇದ್ದವು. ನನ್ನ ಮುಖದಲ್ಲೂ.

ಲೋಟ ತೊಳೆಯುತ್ತಿದ್ದಾಗ ಮಗಳು ಅಡುಗೆಮನೆಗೆ ಬಂದಳು. ಬಟ್ಟೆ ತೆಗೆದುಕೊಂಡು ಒರೆಸತೊಡಗಿದಳು.

‘ಹೆಸರು ಬೇಡ. ಅವರು ಕಲಿತು ಮುಗಿಸ್ತಾರಾ?’

‘ಮುಗಿಸ್ತಾರೆ.’

‘ಹಂಗಾದ್ರೆ ಸರಿ.’ ನಾಲ್ಕನೇ ಲೋಟ ಒರೆಸುತ್ತ, ‘ಅಮ್ಮ, ನೀನು ಎದ್ದು ನಿಂತೆಯಲ್ಲ, ನಂಗೆ ಭಯ ಆಯ್ತು ಗೊತ್ತಾ,’ ಎಂದಳು.

‘ನಂಗಿಂತಲೂನಾ?’ ಎಂದೆ.

ಹನ್ನೆರಡೂವರೆಗೆ ಟೈಪಿಂಗ್ ಕಲಿಯುವ ಆ ಹೆಂಗಸು ಬಂದಳು. ಚಪ್ಪಲಿ ಕವರಿಗೆ ಹೋಯಿತು, ಕವರು ಮೇಜಿನ ಕೆಳಗೆ. ಒಳಗೆ ಎಂಟು ಜನ ಇದ್ದರು. ಬೇಗ ಕೂಡಿಸಿ ಕಳೆಯಬಲ್ಲ ತಲೆಗಳು. ಆದರೂ ಒಬ್ಬರೂ ಅವಳ ಕಡೆ ಹುಡುಕುವ ಕಣ್ಣಿನಿಂದ ನೋಡಲಿಲ್ಲ. ಎತ್ತರದ ಹುಡುಗ ನೆಲದ ಮೇಲೆ ಕೂತು ಸ್ಕ್ರೂಗಳನ್ನು ನನ್ನ ಹಳೆಯ ಮಸಾಲೆ ಡಬ್ಬಿಯ ಬಟ್ಟಲುಗಳಲ್ಲಿ ಬೇರೆಬೇರೆ ಮಾಡುತ್ತಿದ್ದವನು ತಲೆಯನ್ನೇ ಎತ್ತಲಿಲ್ಲ. ಅವಳು ಒಂದು ಪುಟ ಪೂರ್ತಿ ಕೀಲಿ ನೋಡದೆ ಟೈಪ್ ಮಾಡಿ, ನನ್ನನ್ನು ಕರೆದು, ‘ತಪ್ಪಿದ್ರೆ ಹೇಳಿ ಅಕ್ಕ,’ ಎಂದಳು. ಎರಡೇ ಇದ್ದವು. ಹೆತ್ತ ಮಗಳಿಗೋಸ್ಕರ ಮಾತ್ರ ಎದೆಯುಬ್ಬುತ್ತದೆ ಎಂದುಕೊಂಡಿದ್ದೆ. ಆವತ್ತು ಆ ಶೆಡ್ಡಿನಲ್ಲಿದ್ದ ಅಷ್ಟು ಜನರಿಗೋಸ್ಕರವೂ ಉಬ್ಬಿತು, ಸ್ವಲ್ಪ ನನಗೋಸ್ಕರವೂ. ಅದನ್ನು ಬರೆಯಲು ಈಗ ನಾಚಿಕೆಯಿಲ್ಲ.

ಮಧ್ಯಾಹ್ನ ಹುಡುಗರೆಲ್ಲ ಬಿಡಿಭಾಗ ಹುಡುಕಲು ಗುಜರಿ ಅಂಗಡಿಗೆ ಹೋದರು. ಇವರು ಊಟ ಮಾಡಿ ಮಲಗಿದ ಮೇಲೆ ನಾನು ಭಾನುವಾರದ ಪೂಜೆಗೆ ಹೂವು ಜೋಡಿಸಲು ಚರ್ಚಿಗೆ ಹೋದೆ. ನಾನೇ ಬರೆದ ಪ್ರೋಗ್ರಾಮಿನ ಪ್ರಕಾರ ಆ ವಾರ ನನ್ನದೇ ಸರದಿ. ವಾಪಸು ಬರುವಾಗ ಆರು ಗಂಟೆ. ಶೆಡ್ಡಿನ ದೀಪ ಹತ್ತಿತ್ತು. ಐದನೆಯ ಕಂಪ್ಯೂಟರು ಮುಚ್ಚಳವೇ ಇಲ್ಲದೆ, ಹೊಟ್ಟೆ ತೆರೆದುಕೊಂಡು ಓಡುತ್ತಿತ್ತು. ಅದರ ಮುಂದೆ ಮೂರು ಮಕ್ಕಳು.

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯಾಕೆ ಕೈ ಉದ್ದ ಮಾಡಿ ನಮ್ಮ ಕರಿಬೇವಿನ ಕೊಂಬೆ ಬಗ್ಗಿಸುತ್ತಿದ್ದರು. ಹೆಗ್ಗಡದೇವನಕೋಟೆ ಕಡೆಯವರು, ನಮ್ಮ ಪಕ್ಕಕ್ಕೆ ಬಂದು ಹತ್ತು ವರ್ಷವಾಯಿತು. ನನ್ನನ್ನು ಕಂಡು ಕೊಂಬೆ ಬಿಡದೆಯೇ ಹೇಳಿದರು:

‘ನಾಲ್ಕು ಗಂಟೆಗೆ ಯಾವನೋ ವ್ಯಾನಲ್ಲಿ ಬಂದಿದ್ದ ಕಣಕ್ಕ, ಮೇಲ್ ನೋಡ್ನಿಲ್ವಂತೆ. ಸಹಿ ಬೇಕು, ಇಲ್ಲಿ ಇನ್‌ಚಾರ್ಜ್ ಯಾರು ಅಂದ. ಅಂಗೆಲ್ಲ ಯಾರೂ ಇಲ್ಲ ಕಣಪ್ಪ, ಆದ್ರೂ ದಿನಾ ಸಂಜೆ ಐದು ಗಂಟೆಗೆ ಮಕ್ಳಿಗೆ ಸರ್ಯಾಗಿ ಬಾಗ್ಲು ತೆಗೀತದೆ ಅಂದೆ. ಒಂಟೋದ. ವಸಿ ಕರಿಬೇವು ಕಿತ್ಕಂಡೆ, ಸಾರಿಗೆ.’