ಕೆಂಪು ಕಾರಿಗೆ ಗೋಲಗುಮ್ಮಟ

ಕೊಲ್ಲಿ ದೇಶದ ರಾಯ್ ಎಂಬ ಬಡಾವಣೆಯ ಶೋರೂಮಿನಲ್ಲಿ ಮಾರಾಟಕ್ಕಿದ್ದ ಉದ್ದ ಮೂತಿಯ ಕೆಂಪು ಅಮೆರಿಕನ್ ಕಾರು ನನ್ನ ತಮ್ಮನಿಗಿಂತ ಹಳೆಯದು, ಆದರೂ ಹೊಸದರಂತೆ ಹೊಳೆಯುತ್ತಿತ್ತು. ಇಲ್ಲಿಯೇ ಎಂಜಿನಿಯರ್ ಆಗಿರುವ ತಮ್ಮನಿಗೆ ಅದೇ ಅನುಮಾನ.

"ಅಕ್ಕಾ, ಈ ಉಸುಕಿನ್ಯಾಗ ಗಾಡಿ ಇಷ್ಟು ಚಂದ ಉಳಿತೈತೇನು? ತುಕ್ಕು ಹಿಡಿದಲ್ಲೆಲ್ಲ ಪುಟ್ಟಿ ತುಂಬ್ಯಾರ."

ನಾನು ವಿಜಯಪುರದಿಂದ ತಂದುಕೊಟ್ಟಿದ್ದ ಗೋಲಗುಮ್ಮಟದ ಫ್ರಿಜ್ ಮ್ಯಾಗ್ನೆಟ್ಟನ್ನು ಅವನು ಜೇಬಿನಿಂದ ತೆಗೆದು ಬಾಗಿಲಿಗೆ ಹಚ್ಚಿದ. ಬಣ್ಣದಡಿ ಕಬ್ಬಿಣದ ಬದಲು ಪುಟ್ಟಿ ಇದ್ದರೆ ಅದು ಅಂಟದೆ ಬೀಳಬೇಕು. ಎಲ್ಲಿ ಹಚ್ಚಿದರೂ ಗಟ್ಟಿಯಾಗಿ ನಿಂತಿತು.

"ಹಂಗಾರ ಮಾಲಕ ಇದನ್ನ ಯಾಕ ಮಾರಾಕತ್ತಾನ?" ತಮ್ಮನ ಅನುಮಾನ ಇನ್ನೂ ಹೆಚ್ಚಿತು.

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಕಾರಿನ ವೃದ್ಧ ಅರಬ್ ಮಾಲೀಕ ಎದ್ದು ಬಂದು ಹಿಂದಿಯಲ್ಲಿ ಕೇಳಿದ, "ಭಾಯಿ, ಗಾಡಿ ಎಲ್ಲಿ ನಿಲ್ಲಿಸ್ತೀಯ?"

"ಮಹಬೂಲಾದಲ್ಲಿ, ಸಮುದ್ರದ ಎದುರಿಗೇ," ಎಂದ ತಮ್ಮ ಹೆಮ್ಮೆಯಿಂದ.

"ಬಯಲಲ್ಲಿ? ಆ ಉಪ್ಪು ಗಾಳಿಗೆ?"

ವೃದ್ಧ ಮ್ಯಾಗ್ನೆಟ್ಟನ್ನು ಕಿತ್ತು ತಮ್ಮನ ಅಂಗೈಯಲ್ಲಿಟ್ಟ. "ಖಲಾಸ್, ನಿನಗೆ ಮಾರೋದಿಲ್ಲ," ಎಂದು ಕಾರಿಗೆ ಹೊದಿಕೆ ಹೊದಿಸಿದ.