ಏರಿ ಇಲ್ಲದ ನೀರಿನ ದಡದಲ್ಲಿ ಅಮ್ಮನ ಊಟ

ಅಲ್ಲ, ಸಮುದ್ರವನ್ನು ನಮ್ಮೆಲ್ಲರಿಗಿಂತ ಮೊದಲು ಕಂಡವಳು ಅಮ್ಮ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನಲ್ಲ, ಅದೂ ನಿಜವಿರಲಾರದು. ನಾವೆಲ್ಲ ಒಟ್ಟಿಗೇ ಮರಳ ದಿಬ್ಬ ಹತ್ತಿದೆವು. ಯಾರ ಕಣ್ಣು ಮೊದಲು ಹೋಗಿ ಮುಟ್ಟಿತೆಂದು ಯಾರು ನೋಡಿದರು? ಜೊತೆಗಿದ್ದವರನ್ನು ಕೇಳಿದರೆ ಆ ದಿನ ಮೋಡವಿತ್ತು ಅನ್ನುತ್ತಾರೆ. ನನ್ನ ನೆನಪಿನಲ್ಲಿ ಕಣ್ಣು ಬಿಡಲಾಗದ ಬಿಸಿಲು. ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಯಾವುದೋ ಬೇಸಿಗೆ, ಮಾವಿನ ಕಾಲ ಎನ್ನುವುದರಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ.

ಮಾಲೂರಿನಲ್ಲಿ ಬೆಳಗಿನ ಮದರಾಸು ರೈಲು ಹತ್ತಿದೆವು. ಮೂರನೇ ದರ್ಜೆ, ತಲೆಗೆ ಮೂರು ರೂಪಾಯಿ ಆಸುಪಾಸು. ದೂರ ಇನ್ನೂರು ಮೈಲಿಗೆ ಕೊಂಚ ಕಡಿಮೆ. ನಮ್ಮ ಚರ್ಚಿನ ಸಭೆಯವರು ಯಾರೂ ಸಮುದ್ರ ನೋಡಿದವರಲ್ಲ. ಬೈಬಲಿನಲ್ಲಿ ಎಷ್ಟೋ ಸಲ ದಾಟಿದ್ದೆವು, ಅಷ್ಟೆ. ಪ್ಲಾಟ್‌ಫಾರಮ್ಮಿನ ಮೇಲೆಯೇ ಹಾಡು ಶುರುವಾಯಿತು. ಪಾದ್ರಿಗಳನ್ನು ನಾವು ಅಯ್ಯನವರು ಎಂದು ಕರೆಯುತ್ತಿದ್ದೆವು. ಅವರು ಕೈಯಲ್ಲಿ ಕೊಡೆ ಹಿಡಿದು ಡಬ್ಬಿಯಿಂದ ಡಬ್ಬಿಗೆ ಓಡಾಡುತ್ತ ಎಲ್ಲರಿಗಿಂತ ಹೆಚ್ಚು ಗಲಾಟೆ ಮಾಡುತ್ತಿದ್ದರು.

ಅಮ್ಮ, ಅಂದರೆ ಮಾರ್ತಮ್ಮ, ಒಂದು ಗೋಣಿಚೀಲ ಎಳೆದುಕೊಂಡು ಬಂದಳು. ಎತ್ತಲು ಹೋದ ನನಗೆ ಸೊಂಟ ಹಿಡಿಯಿತು.

"ಏನಮ್ಮಾ ಇದರಲ್ಲಿ?"

"ಒಲೆ ಕಲ್ಲು ಕಣೋ. ಸಮುದ್ರದ ಹತ್ರ ಬರೀ ಮರಳಂತೆ. ಅಲ್ಲಿ ಕಲ್ಲು ನಿಮ್ಮಪ್ಪ ತಂದಿಕ್ತಾನಾ?"

ನಮ್ಮಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಚೀಲದಲ್ಲಿ ಮೂರು ಕಲ್ಲು, ಅವಳದೇ ಮಡಕೆ, ಅವಳದೇ ಮುದ್ದೆ ಕೋಲು, ರಾಗಿ ಹಿಟ್ಟು. ಟಿಕೇಟು ನೋಡುವವನು ಚೀಲವನ್ನು ಬೂಟಿನಿಂದ ಮುಟ್ಟಿ, "ಮದರಾಸಿನಲ್ಲಿ ಮನೆ ಕಟ್ತೀರೇನಮ್ಮಾ?" ಎಂದ. ಡಬ್ಬಿ ತುಂಬ ನಗು. ಅಮ್ಮ ನಗಲಿಲ್ಲ.

ಆ ಕಲ್ಲುಗಳ ಕಾರಣವನ್ನು ಹೇಳಬೇಕು. ಅಯ್ಯನವರ ಕೈಕೆಳಗೆ ಎರಡು ಸಭೆಗಳಿದ್ದವು: ಮಾಲೂರಿನ ನಮ್ಮದು, ಶ್ರೀನಿವಾಸಪುರದ ಆಚೆ ಗೌನಿಪಲ್ಲಿಯವರದು. ವರ್ಷಕ್ಕೊಮ್ಮೆ ಕೋಲಾರದಲ್ಲಿ ಸೇರಿದಾಗ ಒಂದೇ ಪುಸ್ತಕ, ಒಂದೇ ಹಾಡು. ಊಟಕ್ಕೆ ಮಾತ್ರ ಎರಡು ಒಲೆ, ಎರಡು ಪಂಕ್ತಿ. ನಮ್ಮ ತಾತಂದಿರು ಊರೊಳಗಿನ ಒಕ್ಕಲು ಮನೆಗಳಿಂದ ಕ್ರಿಸ್ತನ ಹತ್ತಿರ ಬಂದವರು, ಅವರ ತಾತಂದಿರು ಊರಾಚೆಯ ಕೇರಿಯಿಂದ ಬಂದವರು. ಬಂದ ಮೇಲೂ ಆ ದಾರಿಗಳು ಅಳಿಸಿರಲಿಲ್ಲ. ನಾನು ಮೇಷ್ಟರ ಟ್ರೈನಿಂಗಿಗೆ ಕೋಲಾರಕ್ಕೆ ಹೋದಾಗ ಗೌನಿಪಲ್ಲಿಯ ಸುಗುಣಳನ್ನು ಕಂಡೆ, ಮದುವೆಯಾದರೆ ಅವಳನ್ನೇ ಎಂದೆ. ಅಮ್ಮ ಕೂಗಾಡಲಿಲ್ಲ. "ಅವರ ಒಲೇಲಿ ಬೆಂದಿದ್ದನ್ನ ನಾನು ಉಂಡ ದಿನ ಮಾತಾಡೋಣ" ಎಂದಳು. ಅದಾಗಿ ಒಂದು ವರ್ಷವೋ ಎರಡೋ. ಸಮುದ್ರದ ಯೋಚನೆ ಅಯ್ಯನವರದು. "ಒಂದು ಸಲ ಎಲ್ಲರೂ ಹೊಸ ಜಾಗದಲ್ಲಿ ಕೂತು ಉಣ್ಣಲಿ, ಸಾಮೂ. ಆಮೇಲೆ ದೇವರಿದ್ದಾನೆ" ಎಂದು ನನಗೆ ಹೇಳಿದ್ದರು. ಅಮ್ಮ ಕಲ್ಲು ಹೊತ್ತು ತಂದಳು.

ಬೌರಿಂಗ್‌ಪೇಟೆಯಲ್ಲಿ ಗೌನಿಪಲ್ಲಿಯವರು ಹತ್ತಿದರು. ಬಸ್ಸು, ಚಿಕ್ಕ ರೈಲು ಎರಡನ್ನೂ ಹಿಡಿದು ಬಂದಿದ್ದರೂ ಉತ್ಸಾಹ ಇಳಿದಿರಲಿಲ್ಲ. ಜೊತೆಗೆ ಮಾವಿನಕಾಯಿ ಬುಟ್ಟಿಗಳು. ಸುಗುಣಳ ತಾಯಿ ಎಲಿಸಮ್ಮ ಬಾಗಿಲಲ್ಲೇ ಕೂಗಿದಳು: "ಏಮಮ್ಮಾ ಮಾರ್ತಮ್ಮಾ, ಜಾಗ ಇದೆಯಾ, ಇಲ್ಲ ಸಮುದ್ರದಲ್ಲಿ ಕೊಡ್ತೀಯಾ?"

"ಕೂತ್ಕೋ. ರೈಲು ನಮ್ಮಪ್ಪಂದಾ?" ಎಂದು ಅಮ್ಮ ಕಾಲು ಮಡಿಸಿಕೊಂಡಳು. ಇಷ್ಟೇ ಸಾಕಾಗಿ ನಾನು ಜೋಲಾರಪೇಟೆಯವರೆಗೂ ಅವರಿಬ್ಬರನ್ನೇ ನೋಡುತ್ತ ಕೂತೆ. ಸುಗುಣ ಆಚೆ ಕಿಟಕಿಯಲ್ಲಿ ಗಾಳಿಗೆ ಮುಖ ಒಡ್ಡಿ ಹಾಡುತ್ತಿದ್ದಳು. ನನ್ನ ಕಡೆ ನೋಡಿದಳೋ ಇಲ್ಲವೋ ಎಂಬುದನ್ನು ಒಂದೊಂದು ಸಲ ಒಂದೊಂದು ಥರ ನೆನೆಸಿಕೊಳ್ಳುತ್ತೇನೆ. ಘಾಟಿ ಇಳಿಯುತ್ತ ಸೆಖೆ ಏರಿತು. ಕಾಟ್ಪಾಡಿಯಲ್ಲಿ ಇಡ್ಲಿ ತಿಂದೆವು. ಸಂಜೆ ಮದರಾಸು. ರಜೆಗೆ ಮುಚ್ಚಿದ್ದ ಒಂದು ಸ್ಕೂಲಿನ ಜಗುಲಿಯಲ್ಲಿ ಚಾಪೆ ಹಾಸಿ ಮಲಗಿದೆವು. ಗಾಳಿ ಕೂಡ ಬೆವರಿದಂತಿತ್ತು.

ಮಾರನೆಯ ಬೆಳಿಗ್ಗೆ ಟ್ರಾಮು ಹಿಡಿದು, ಆಮೇಲೆ ನಡೆದು, ಊರಿನ ದಕ್ಷಿಣಕ್ಕೆ ಬೆಸ್ತರ ಗುಡಿಸಲುಗಳ ಹತ್ತಿರ ಆ ದಿಬ್ಬ ಹತ್ತಿದೆವು. ಹಾಡು ನಿಂತುಹೋಯಿತು. ನೀರು ಮುಂದಕ್ಕೆ ಹೋಗಿ ಆಕಾಶದಲ್ಲಿ ಸೇರಿಕೊಂಡಿತ್ತು.

"ಏರಿ ಎಲ್ಲಿ?" ಎಂದಳು ಅಮ್ಮ.

ಕೆರೆಗೆ ಏರಿ ಇರಬೇಕು, ಏರಿಯಲ್ಲಿ ತೂಬು ಇರಬೇಕು. ನಾವು ಬಲ್ಲ ನೀರೆಲ್ಲ ಅಂಥದ್ದೇ. ಹಿಂದಿನಿಂದ ಎಲಿಸಮ್ಮ, "ತೂಬು ಎತ್ತಿದ್ರೆ ಯಾವೂರ ಗದ್ದೆ ನೆನೀತದೋ ಸ್ವಾಮೀ!" ಎಂದಳು. ಆಗ ಎಲ್ಲರೂ ಒಮ್ಮೆಲೇ ಕಿರುಚಿ ನೀರಿಗೆ ಓಡಿದೆವು. ಅಯ್ಯನವರು ಕೊಡೆ ಬಿಸಾಡಿ, ಪಂಚೆ ಎತ್ತಿಕೊಂಡು ಓಡಿದರು. ಮೊದಲ ಅಲೆ ಕಾಲ ಕೆಳಗಿನ ಮರಳನ್ನು ಎಳೆದುಕೊಂಡಾಗ ನೆಲವೇ ಜಾರಿತೆಂದು ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಯಾವ ಪಂಕ್ತಿಯವರು ಯಾರನ್ನು ತಬ್ಬಿದರೆಂದು ಆ ಗಳಿಗೆಯಲ್ಲಿ ಯಾರೂ ನೋಡಲಿಲ್ಲ.

ಅಡುಗೆಯ ಹೊತ್ತಿಗೆ ಅಮ್ಮ ಜಾಗ ಹುಡುಕಿದಳು. ಮೇಲಿನ ಒಣ ಮರಳಲ್ಲಿ ಕಲ್ಲು ನಿಲ್ಲಲಿಲ್ಲ. ಕೆಳಗೆ, ನೀರು ಹಿಂದೆ ಸರಿದಿದ್ದ ಕಡೆ, ನೆಲ ತೇವವಾಗಿ ಗಟ್ಟಿಯಾಗಿತ್ತು. ನಮ್ಮ ಕಡೆ ಕೆರೆ ಇಳಿದರೆ ಇಳಿದಂತೆಯೇ. ಮುಂದಿನ ಮಳೆಯವರೆಗೂ ಅದು ನಮ್ಮ ನೆಲ. ದನ ಕಟ್ಟುತ್ತೇವೆ, ಸೌತೆ ಬಳ್ಳಿ ಹಾಕುತ್ತೇವೆ. ಮಾಲೂರಿನವರೆಲ್ಲ ಅಲ್ಲೇ ಗಂಟು ಇಳಿಸಿದೆವು. ಮೇಲಿನಿಂದ ಒಬ್ಬ ಬೆಸ್ತರ ಹೆಂಗಸು ಎರಡೂ ಕೈ ಬೀಸಿದಳು. ನಾವೂ ಖುಷಿಯಿಂದ ಕೈ ಬೀಸಿದೆವು.

ಗೌನಿಪಲ್ಲಿಯವರು ಮೇಲೆ, ಮಗುಚಿ ಹಾಕಿದ್ದ ದೋಣಿಯ ನೆರಳಿನಲ್ಲಿ ಒಲೆ ಹೂಡಿದರು. ಅವರಿಗೆ ಹೆಚ್ಚು ತಿಳಿದಿತ್ತೆಂದಲ್ಲ. ಕೆಳಗಿನ ಜಾಗವನ್ನು ನಾವು ಹಿಡಿದುಬಿಟ್ಟಿದ್ದೆವು. ಎಲಿಸಮ್ಮ ಬೆಸ್ತರಿಂದ ಮೀನು ಕೊಂಡು, ತಂದಿದ್ದ ಮಾವಿನಕಾಯಿ ಹೆಚ್ಚಿ ಹಾಕಿ ಸಾರು ಇಟ್ಟಳು. ಆ ವಾಸನೆ ಇಳಿದು ಬಂದಾಗ ಅಮ್ಮ ಸೆರಗನ್ನು ಮೂಗಿಗೆ ಅಡ್ಡ ಹಿಡಿದಳು. ಆದರೆ ಉಸಿರನ್ನು ಜೋರಾಗಿಯೇ ಎಳೆದುಕೊಂಡಳು, ಅದನ್ನು ನಾನು ಕೇಳಿದೆ.

ಅಮ್ಮನ ಎಸರು ಕುದಿ ಬಂದಿತ್ತು. ಹಿಟ್ಟು ಸುರಿದು ಕೋಲು ಹಾಕಿದ್ದಳಷ್ಟೆ. ಒಂದು ನೀರಿನ ನಾಲಗೆ ಬಂದು ಬೂದಿಯನ್ನು ನೆಕ್ಕಿ ಹೋಯಿತು.

"ಯಾರೋ ನೀರು ಚೆಲ್ಲಿದ್ದು?"

ಮುಂದಿನದು ಮಂಡಿಯವರೆಗೆ ಬಂತು. ಮಡಕೆ ಎದ್ದಿತು, ಹೊರಳಿತು, ಮುದ್ದೆಯ ಸಮೇತ ಹೊರಟಿತು. ಹಿಟ್ಟಿನ ಗಂಟು, ಚಾಪೆ, ಅಯ್ಯನವರ ಒಂದು ಚಪ್ಪಲಿ ಅದರ ಹಿಂದೆ. ನಾನೂ ಮೇಲಿನಿಂದ ಓಡಿ ಬಂದ ಸುಗುಣಳ ಅಪ್ಪನೂ ನೀರಿಗೆ ಬಿದ್ದು ಮಡಕೆಯ ಹಿಂದೆ ಹೋದೆವು; ಅಲೆ ನಮ್ಮಿಬ್ಬರನ್ನೂ ಒಂದೇ ಮೂಟೆ ಮಾಡಿ ದಡಕ್ಕೆ ಎಸೆಯಿತು. "ಇಳಿದ ನೀರು ಮತ್ತೆ ಏರ್ತದಾ? ಇದ್ಯಾವ ನ್ಯಾಯ?" ಎಂದು ಅಮ್ಮ ಸಮುದ್ರವನ್ನೇ ಬಯ್ಯುತ್ತಿದ್ದಳು. ಮೇಲೆ ನಿಂತವರು ಹೊಟ್ಟೆ ಹಿಡಿದು ನಗುತ್ತಿದ್ದರು. ಕೊನೆಗೆ ನಾವೂ ನಕ್ಕೆವು. ಕಲ್ಲುಗಳು ಎಲ್ಲಿ ಹೂತುಹೋದವೋ ಹುಡುಕಿದರೂ ಸಿಗಲಿಲ್ಲ.

ಮಧ್ಯಾಹ್ನ ಕಳೆಯುತ್ತಿತ್ತು. ಮಾಲೂರಿನವರು ಒಬ್ಬೊಬ್ಬರಾಗಿ ದೋಣಿಯ ಕಡೆ ಜರುಗಿದರು. ಹಸಿವು ನಾಚಿಕೆಗಿಂತ ಚುರುಕು. ಅಮ್ಮ ಒಬ್ಬಳೇ ನೆಂದ ಸೀರೆಯಲ್ಲಿ ಕೆಳಗೆ ಕೂತಿದ್ದಳು. ಎಲಿಸಮ್ಮ ದೋಣಿಯ ಹತ್ತಿರದಿಂದ ಕರೆದಳು:

"ರಾ ವದಿನಾ! ಸಮುದ್ರದ ಮೇಲೆ ಕೋಪಾನ ಮೀನಿನ ಮೇಲೆ ಯಾಕೆ ತೋರಿಸ್ತೀಯ?"

ವದಿನಾ ಅಂದರೆ ತೆಲುಗಿನಲ್ಲಿ ಅತ್ತಿಗೆ, ಬೀಗಿತ್ತಿಯರೂ ಒಬ್ಬರನ್ನೊಬ್ಬರು ಹಾಗೇ ಕರೆಯುತ್ತಾರೆ. ಇನ್ನೂ ಆಗದ ಸಂಬಂಧವನ್ನು ಎಲ್ಲರ ಮುಂದೆ ಕೂಗಿ ಕರೆದಂತಾಯಿತು. ನಾವೆಲ್ಲ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಕೂತೆವು. ಸುಗುಣ ಎದ್ದಳು. ತಟ್ಟೆಯಲ್ಲಿ ಮುದ್ದೆ ಇಟ್ಟು, ಸಾರು ಬಿಟ್ಟು, ಇಳಿದು ಹೋಗಿ ಅಮ್ಮನ ಮುಂದೆ ನಿಂತಳು.

"ಬಿಸಿ ಇದೆ, ನಿಧಾನಕ್ಕೆ ಉಣ್ಣಿ" ಎಂದಳಂತೆ. ನನಗೆ ಕೇಳಿಸಲಿಲ್ಲ.

ಅಮ್ಮ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ತಟ್ಟೆ ತೆಗೆದುಕೊಂಡಳು. ಎದ್ದು, ನಮಗೆ ಬೆನ್ನು ಮಾಡಿ, ನೀರಿನ ಅಂಚಿಗೆ ಹೋಗಿ ನಿಂತಳು. ಅವಳ ಸುತ್ತ ಕಾಗೆಗಳು ಇಳಿದವು. ಅವಳ ಮೊಣಕೈ ಆಡುವುದು ಮಾತ್ರ ಕಾಣುತ್ತಿತ್ತು.

ತಿರುಗಿ ಬಂದಾಗ ತಟ್ಟೆ ಖಾಲಿ, ಅಲೆಯಲ್ಲಿ ತೊಳೆದು ತಂದಿದ್ದಳು. ಅದನ್ನು ಎಲಿಸಮ್ಮನ ಕೈಗೆ ಕೊಟ್ಟು, "ಮದುವೆ ಸುಗ್ಗಿ ಕಳೆದ ಮೇಲೆ ಇಟ್ಕೊಳ್ಳೋಣ. ಅಲ್ಲೀವರೆಗೂ ನನ್ನ ಕೈಲಿ ಆಗಲ್ಲ" ಎಂದಳು. ಎದ್ದ ಕೂಗಿಗೆ ಬೆಸ್ತರು ಗುಡಿಸಲಿನಿಂದ ಹೊರಗೆ ಬಂದರು. ಒಂಟಿ ಚಪ್ಪಲಿಯ ಅಯ್ಯನವರು ಮರಳಲ್ಲಿ ಕುಣಿದರು. ಹೌದು, ಕುಣಿದರು, ಅದನ್ನು ಯಾರು ಅಲ್ಲಗಳೆದರೂ ನಾನು ಒಪ್ಪುವುದಿಲ್ಲ.

ಮಾರನೆಯ ದಿನ ಅದೇ ರೈಲು, ಅದೇ ಸ್ಟೇಷನ್ನುಗಳು ಹಿಂದುಮುಂದಾಗಿ. ಸುಗ್ಗಿ ಕಳೆದ ಮೇಲೆ ಮದುವೆಯಾಯಿತು. ಅದರ ಊಟದಲ್ಲಿ ಅಮ್ಮ ಎಲ್ಲರ ಜೊತೆ ಉಂಡಳು; ಆಮೇಲಿನ ವರ್ಷಗಳಲ್ಲಿ ಸುಗುಣ ಮಾಡಿದ್ದನ್ನು ಉಂಡಳು, ಹೆಸರಿಟ್ಟಳು, ಮತ್ತೆ ಬಡಿಸು ಅಂದಳು. ಆದರೆ ಆ ದಿನ? ಸುಗುಣ ಹೇಳುತ್ತಾಳೆ: "ನಿಮ್ಮಮ್ಮ ಅಷ್ಟನ್ನೂ ಕಾಗೆಗಳಿಗೆ ಹಾಕಿದ್ರು ಕಣ್ರೀ, ನಾನು ಹತ್ರದಲ್ಲೇ ಇದ್ದೆ." ಎಲಿಸಮ್ಮ ಕೊನೆಯವರೆಗೂ ಇನ್ನೊಂದು ಹೇಳುತ್ತಿದ್ದಳು: "ಅವಳ ಗಲ್ಲದ ಮೇಲೆ ಸಾರು ಇತ್ತು." ಅಮ್ಮ ಹೋಗಿ ಕೆಲವು ವರ್ಷವಾಯಿತು. ಅವಳಿದ್ದಷ್ಟು ದಿನ ನಾನು ಕೇಳಲಿಲ್ಲ. ಕೇಳಬಾರದೆಂದಲ್ಲ, ಬೇಕಾದದ್ದು ಸಿಕ್ಕಿತ್ತು. ಆ ಮಧ್ಯಾಹ್ನ ಅವಳು ಉಂಡಳೋ, ಇಲ್ಲ ಉಣ್ಣದೆಯೇ ಒಪ್ಪಿದಳೋ, ನನಗೆ ಗೊತ್ತಿಲ್ಲ.